ಒಂದು ಹಿಡಿ ಅರಳೆ

ಈಚೆಗೆ ಒಂದು ದಿನ ಗೌಂಡಿ ಮಾಳಿಗೆಯ ಮೇಲಿಂದ ಬಗ್ಗಿ ಕೇಳಿದ: "ಸರ್, ಪೈಪಿನ ಬಾಯಾಗ ತುರಕಾಕ ಅರಬಿ ಗಿರಬಿ ಏನರ ಐತೇನ್ರಿ? ಅರಳಿ ಇದ್ರಂತೂ ಭೇಷ್ ಆತು."

ಮೂಡಲಗಿಯಲ್ಲಿ ನಾನು ಟೈಪಿಂಗ್ ಕ್ಲಾಸು ನಡೆಸುವ ಈ ಕಟ್ಟಡದ ಮಾಳಿಗೆ ಹೋದ ಮಳೆಗಾಲದಲ್ಲಿ ಸೋರಿತ್ತು. ಈ ಬೇಸಿಗೆಯಲ್ಲಿ ಬಿರುಕುಗಳನ್ನು ಕೆತ್ತಿಸಿ, ತುಂಬಿಸಿ, ಮೇಲೆ ಸಿಮೆಂಟು ಹೊಡೆಸಿದೆ. ಕೆಲಸ ಮುಗಿದ ಮೇಲೆ ನೀರು ಹೊರಹೋಗುವ ಪೈಪನ್ನು ಮುಚ್ಚಿ, ಮಾಳಿಗೆಯ ತುಂಬ ನೀರು ನಿಲ್ಲಿಸುವುದು ಪದ್ಧತಿ. ಸಿಮೆಂಟು ನೀರು ಕುಡಿದು ಗಟ್ಟಿಯಾಗುತ್ತದೆ. ಎಲ್ಲಾದರೂ ಸೋರುವುದಿದ್ದರೆ ಆಗಲೇ ತಿಳಿಯುತ್ತದೆ. ಅದಕ್ಕೆ ಅವನಿಗೆ ಬಿರಡೆಯಾಗಿ ಒಂದು ತುಂಡು ಬಟ್ಟೆಯೋ ಅರಳೆಯೋ ಬೇಕಿತ್ತು.

ಒಳಕೋಣೆಯ ಮಂಚದ ಮೇಲೆ ಹಳೆಯ ಗಾದಿಯೊಂದಿದೆ. ಕ್ಲಾಸಿಲ್ಲದ ಮಧ್ಯಾಹ್ನ ಅದರ ಮೇಲೆ ಅಡ್ಡಾಗುತ್ತೇನೆ. ಅಂಚಿನ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿ ಒಳಗೆ ಕೈ ಹಾಕಿದೆ. ಅರಳೆಯ ವಾಸನೆ ಬಂತು. ಧೂಳು, ಬಿಸಿಲು, ಎಲ್ಲೋ ಆಳದಲ್ಲಿ ಬೀಜದ ಎಣ್ಣೆಯ ಜಿಡ್ಡು... ಕೈ ಅಲ್ಲೇ ನಿಂತಿತು. "ಸಿಕ್ಕಿಲ್ಲೇನ್ರಿ?" ಎಂದು ಮೇಲಿನಿಂದ ಮತ್ತೆ ಕೂಗು ಬಂತು.

ಆ ಗಾದಿ ಮಾಡಿದವಳು ಗೋಕಾಕದ ಚಾಚಿ.

ನನ್ನ ಕ್ಲಾಸು ಆಗ ಗೋಕಾಕದಲ್ಲಿತ್ತು, ಬಸ್ ಸ್ಟ್ಯಾಂಡಿನಿಂದ ಪೇಟೆಗೆ ಹೋಗುವ ದಾರಿಯ ಒಂದು ಕಾಂಪ್ಲೆಕ್ಸಿನಲ್ಲಿ. ಕೆಳಗೆ ಕಿರಾಣಿ, ಮೊಬೈಲು, ಕರದಂಟಿನ ಅಂಗಡಿಗಳು. ಮೇಲಿನ ಅಂತಸ್ತಿನಲ್ಲಿ ನಾವು ಮೂವರು: ಒಂದು ಕೊನೆಗೆ ನಾನು, ಇನ್ನೊಂದು ಕೊನೆಗೆ ಟೇಲರ್ ಮಾಸ್ತರ, ನಡುವೆ ಚಾಚಿಯ ಗಾದಿ ಅಂಗಡಿ. ಮೂವರ ತಲೆಯ ಮೇಲೂ ಒಂದೇ ಚಪ್ಪಟೆ ಸ್ಲ್ಯಾಬು.

ಅವಳು ತಲೆತಲಾಂತರದಿಂದ ಅರಳೆ ಹಿಂಜುವ ಮನೆತನದವಳು. ಘೋಡಗೇರಿಯ ಮಗಳು, ಗೋಕಾಕದ ಸೊಸೆ. ಗಂಡ ತೀರಿಹೋದ ಮೇಲೆ ಅಂಗಡಿಯನ್ನು ಅವಳೇ ನಡೆಸಿದಳು. ಹುಬ್ಬಿನ ಮೇಲೆ ಸದಾ ಒಂದೆರಡು ಅರಳೆಯ ಎಳೆ. ಯಾರಾದರೂ ಹಳೆಯ ಗಾದಿಯನ್ನು ಹೊತ್ತು ತಂದರೆ ಅದನ್ನು ಗುದ್ದಿ ನೋಡಿ, "ಇದರಾಗ ಅರಳಿ ಎಲ್ಲಿ ಐತ್ರಿ? ನಿಮ್ಮ ಮನಿ ಮಂದಿ ನಿದ್ದಿ ಎಲ್ಲಾ ಕೂತ ಕಲ್ಲ ಆಗೇತಿ" ಎನ್ನುತ್ತಿದ್ದಳು. ತಂದವರು ನಗುತ್ತಿದ್ದರು, ಅವಳು ನಗುತ್ತಿರಲಿಲ್ಲ.

ಹಿಂಜುವ ಮಷೀನು ಅಂಗಡಿಯೊಳಗಿತ್ತು. ಆದರೆ ಹಳೆಯ ಅರಳೆಯನ್ನು ಮಷೀನಿಗೆ ಹಾಕುವ ಮೊದಲು ಬಿಸಿಲಿಗೆ ಹರವಿ, ಬಡಿಗೆಯಿಂದ ಬಡಿದು, ಧೂಳು ಬಿಡಿಸಬೇಕು. ಅದಕ್ಕೆ ಮಾಳಿಗೆಯೇ ಬೇಕು. ಚಾಚಿಯ ಅಂಗಡಿ ಮಾಳಿಗೆಯ ಕೆಳಗಿತ್ತು, ಕೆಲಸ ಮೇಲಿತ್ತು. ಮಾಳಿಗೆ ಇಲ್ಲದಿದ್ದರೆ ಅವಳಿಗೆ ಅಂಗಡಿಯೂ ಇಲ್ಲ.

ಆ ಮಾಳಿಗೆ ಪ್ರತಿ ವರ್ಷ ಸೋರುತ್ತಿತ್ತು. ಕಟ್ಟಡದ ಸಾವಕಾರರು ಅದನ್ನು ಅಲಕ್ಷ್ಯ ಮಾಡಿದವರಲ್ಲ, ಹಾಗೆ ಹೇಳಿದರೆ ಅನ್ಯಾಯ. ಅವರು ಹುಟ್ಟಿ ಬೆಳೆದದ್ದು ಮಣ್ಣಿನ ಮಾಳಿಗೆಯ ಮನೆಯಲ್ಲಿ. ಮಳೆಗಾಲದ ಮುಂಚೆ ಸವಳು ಮಣ್ಣು ತಂದು ಮಾಳಿಗೆಗೆ ಹೊಸ ಪದರ ಹಾಕುವುದು, ಸೋರಿದ ಕಡೆ ಇನ್ನೊಂದು ಬುಟ್ಟಿ ಸುರಿಯುವುದು ನಮ್ಮ ಕಡೆಯ ರೂಢಿ. ಅದೇ ಕೈ ಸ್ಲ್ಯಾಬಿನ ಮೇಲೂ ಓಡಿತು. ಕೆಳಗೆ ಎಲ್ಲಿ ತೊಟ್ಟಿಕ್ಕಿತೋ ಅದರ ನೆತ್ತಿಯ ಮೇಲೆ ಒಂದು ವರ್ಷ ಡಾಂಬರು, ಮರುವರ್ಷ ಸಿಮೆಂಟು, ಅದರ ಮೇಲೆ ಮತ್ತೆ ಡಾಂಬರು. ಮಣ್ಣಿಗೆ ಒಪ್ಪಿದ್ದು ಕಾಂಕ್ರೀಟಿಗೆ ಒಪ್ಪಲಿಲ್ಲ. ನೀರು ಒಂದು ಕಡೆ ಒಳಗೆ ನುಗ್ಗಿ, ಕಂಬಿಗಳ ಗುಂಟ ಹರಿದು, ಇನ್ನೊಂದು ಕಡೆ ಬೀಳುತ್ತಿತ್ತು. ಸಾವಕಾರರು ಅದರ ಬೆನ್ನು ಹತ್ತಿದಂತೆ ಮಾಳಿಗೆ ದಿಬ್ಬ ತಗ್ಗುಗಳ ಹೊಲವಾಯಿತು. ನೀರು ಹೋಗುವ ಪೈಪುಗಳ ಬಾಯಿ ಪದರಗಳ ಅಡಿಗೆ ಹೂತುಹೋಗಿ, ಕೊನೆಗೆ ಚಾಚಿಯ ಅಂಗಡಿಯ ಮೇಲಿನ ಮೂಲೆಯಲ್ಲಿ ಒಂದೇ ಪೈಪು ಉಳಿಯಿತು.

ಸಾವಕಾರರಿಗೆ ಮಾತ್ರ ತಪ್ಪು ಯಾರದೆಂಬುದರಲ್ಲಿ ಅನುಮಾನವಿರಲಿಲ್ಲ.

"ದಿನಾ ಬಡಿಗಿ ತಗೊಂಡ ಬಡದ್ರ ಮಾಳಗಿ ತಡೀತೈತೇನ ಚಾಚಿ?"

"ನಾ ಬಡಿಯೂದು ಅರಳೀಗ್ರಿ ಸಾವಕಾರ್ರ, ನಿಮ್ಮ ಸ್ಲ್ಯಾಬಿಗಲ್ಲ. ಅರಳಿ ಬಡದ್ರ ಒಡಿಯೂ ಸ್ಲ್ಯಾಬ ಅಂದ್ರ ಅದನ್ನೂ ಹಿಂಜಿ ಗಾದಿ ತುಂಬಬಹುದು."

ಆ ವರ್ಷದ ಬೇಸಿಗೆಯಲ್ಲಿ ಸಾವಕಾರರು ಹೊಸ ಗೌಂಡಿಯೊಬ್ಬನನ್ನು ಕರೆತಂದು ಮಾಳಿಗೆಗೆಲ್ಲ ಮತ್ತೊಂದು ಪದರ ಹಾಕಿಸಿದರು. ನೀರು ನಿಲ್ಲಿಸುವ ದಿನ ಗೌಂಡಿ ಮೆಟ್ಟಿಲಿಳಿದು ಬಂದು ಚಾಚಿಯ ಬಾಗಿಲಲ್ಲಿ ನಿಂತ. ನಾನು ವೆರಾಂಡದಲ್ಲಿ ಚಹಾ ಕುಡಿಯುತ್ತಿದ್ದೆ.

"ಚಾಚಿ, ಪೈಪಿಗೆ ಇಡಾಕ ಒಂದ ಹಿಡಿ ಅರಳಿ ಕೊಡವಾ."

ಅವಳು ಕಸದ ರಾಶಿಗೆ ಕೈ ಹಾಕಿದಳು, ತೆಗೆದಳು, ಒಳಗೆ ಹೋಗಿ ಒಳ್ಳೆಯ ರಾಶಿಯಿಂದ ತಂದಳು. "ಹೊಲಸ ಅರಳಿ ಕೊಟ್ರ ನಾಳಿ ಸೋರಿದ್ದಕ್ಕ ನನ್ನ ಹೆಸರ ಹೇಳ್ತಿ. ತಗೋ, ಹೊಸಾದ ಒಯ್ಯಿ."

ಗೌಂಡಿ ಅದನ್ನು ಪೈಪಿಗೆ ಒತ್ತಿ ಮೇಲೆ ಕೆಸರು ಮೆತ್ತಿದ. ನೀರು ತುಂಬಿತು. ಮರುದಿನ ಸಾವಕಾರರು ಬಂದು ನೋಡಿ ಸಂತೋಷಪಟ್ಟು, ಮಾಳಿಗೆಯ ಬಾಗಿಲಿಗೆ ದೊಡ್ಡದೊಂದು ಬೀಗ ಹಾಕಿದರು. "ಇನ್ನ ಮ್ಯಾಲ ಅರಳಿ ಒಣಗಸೂದ ಬಂದ್. ಈ ಕೀಲಿಗೆ ಯಾರ ಕೈ ಹಚ್ಚತಾರ, ಅವರು ಅಂಗಡಿ ಖಾಲಿ ಮಾಡಬೇಕು. ಮತ್ತ ಮಾತಿಲ್ಲ." ಹೇಳಿದ್ದು ಮೂವರಿಗೂ. ನೋಡಿದ್ದು ಒಬ್ಬಳನ್ನು.

ಚಾಚಿ ವೆರಾಂಡದಲ್ಲಿ, ಓಣಿಯ ಅಂಚಿನಲ್ಲಿ, ಬಿಸಿಲು ಬಿದ್ದಷ್ಟು ಕಡೆ ತುಣುಕು ತುಣುಕಾಗಿ ಅರಳೆ ಹರವತೊಡಗಿದಳು. ಗೌಂಡಿ ಹುಕ್ಕೇರಿ ಕಡೆ ಬೇರೆ ಕೆಲಸಕ್ಕೆ ಹೋದ. ಮಾಳಿಗೆಯ ಮೇಲಿನ ನೀರು ಬೇಸಿಗೆಯ ಬಿಸಿಲಿಗೆ ತಾನೇ ಆರಿತು. ಬಿರಡೆಯನ್ನು ಯಾರೂ ತೆಗೆಯಲಿಲ್ಲ. ಇದು ಈಗ ನನಗೆ ಗೊತ್ತಿದೆ. ಆಗ ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ.

ಇಲ್ಲಿಂದ ಮುಂದಿನದನ್ನು ನಾನು ಹಲವು ಸಲ ಹಲವರಿಗೆ ಹೇಳಿದ್ದೇನೆ. ಹೇಳಿ ಹೇಳಿ ಅದು ನುಣ್ಣಗಾಗಿದೆ. ನುಣುಪಾದ ಕಡೆಯೆಲ್ಲ ನನಗೆ ಸಂಶಯ. ಮಾಳಿಗೆಯ ಬಾಗಿಲು ಹಸಿರಿತ್ತು ಎಂದು ಬರೆಯಲು ಹೊರಟಿದ್ದೆ. ಹಸಿರಿತ್ತೇ? ಬೀಗ ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಶ್ರಾವಣದ ಜಡಿಮಳೆ. ಬಿಟ್ಟೂ ಬಿಡದೆ ದಿನಗಟ್ಟಲೆ ಹೊಯ್ಯುತ್ತಿತ್ತು. ಕ್ಲಾಸಿನಲ್ಲಿ ಹುಡುಗಿಯರು ಟೈಪು ಮಾಡುತ್ತಿದ್ದಾಗ ಒಬ್ಬಳ ಕೀಬೋರ್ಡಿನ ಮೇಲೆ ಹನಿ ಬಿತ್ತು. ತಲೆಯೆತ್ತಿದೆ. ಛಾವಣಿ ಒಂದು ಕಡೆ ತೊಟ್ಟಿಕ್ಕುತ್ತಿರಲಿಲ್ಲ, ಉದ್ದಕ್ಕೂ ಬೆವರುತ್ತಿತ್ತು. ಟ್ಯೂಬ್‌ಲೈಟು ಚಿಟಿಚಿಟಿ ಎಂದಿತು. ಓಡಿಹೋಗಿ ಮೇನ್ ಸ್ವಿಚ್ಚು ತೆಗೆದೆ. ಟೇಲರ್ ಮಾಸ್ತರ ಬಾಗಿಲಲ್ಲಿ ಬಂದು ನಿಂತರು. "ಸರ್, ನಿಮ್ಮಲ್ಲೂ ಬಂತೇನ್ರಿ? ನಾ ಮಷೀನ ಮ್ಯಾಲ ಛತ್ರಿ ಹಿಡಕೊಂಡ ಹೊಲ್ಯಾಕತ್ತೇನಿ."

ಚಾಚಿಯ ಅಂಗಡಿಗೆ ಹೋದೆವು. ಅಲ್ಲಿ ಛಾವಣಿಗೆ ಮೆತ್ತಿದ ಸಿಮೆಂಟಿನ ಗಿಲಾವು ನಡುವೆ ಉಬ್ಬಿ ಹೊಟ್ಟೆಯಂತೆ ಜೋತುಬಿದ್ದಿತ್ತು. ಅದರ ಕೆಳಗೆ ಲಗ್ನದ ಮನೆಯೊಂದಕ್ಕೆ ಹೋಗಬೇಕಿದ್ದ ಗಾದಿಗಳು. ಚಾಚಿ ಅವುಗಳನ್ನು ಬಾಗಿಲ ಕಡೆ ಎಳೆಯುತ್ತಿದ್ದಳು. ನಾವೂ ಕೈ ಹಚ್ಚಿದೆವು. ಎಳೆಯುತ್ತಿದ್ದವಳು ಇದ್ದಕ್ಕಿದ್ದಂತೆ ನಿಂತು, "ಸಪ್ಪಳ ಕೇಳ್ರಿ" ಎಂದಳು.

ನಮಗೆ ಮಳೆಯ ಸಪ್ಪಳವಲ್ಲದೆ ಏನೂ ಕೇಳಲಿಲ್ಲ.

"ಅದ ಮತ್ತ. ಇಂಥಾ ಮಳ್ಯಾಗ ಹಿಂದಿನ ಪೈಪ್ ಬೋರ್ಗರೀಬೇಕು. ಇವತ್ತ ಅದರ ಬಾಯಿ ಬಂದ್ ಐತಿ."

ಹಿಂದಿನ ಕಿಟಕಿಯಿಂದ ಬಗ್ಗಿ ನೋಡಿದೆ. ಗೋಡೆಯ ಗುಂಟ ಇಳಿದ ಪೈಪಿನ ತುದಿಯಿಂದ ಒಂದು ಎಳೆ ನೀರೂ ಬೀಳುತ್ತಿರಲಿಲ್ಲ. ಅಷ್ಟು ದಿನದ ಮಳೆಯೆಲ್ಲ ನಮ್ಮ ನೆತ್ತಿಯ ಮೇಲೆ ಕೂತಿತ್ತು.

ಸಾವಕಾರರಿಗೆ ಫೋನು ಮಾಡಿದೆ. ಅವರು ಸಂಕೇಶ್ವರದಲ್ಲಿದ್ದರು, ಬೀಗದ ಕೈ ಅವರ ಕಿಸೆಯಲ್ಲಿತ್ತು. "ಹೊಳಿ ದಾರಿ ಬಂದ್ ಆಗೇತ್ರಿ ಸರ್. ಸುತ್ತ ಹಾಕ್ಕೊಂಡ ಬರತೇನಿ. ಅಲ್ಲೀತನಕ ಕೀಲಿ ಮುಟ್ಟಬ್ಯಾಡ್ರಿ. ಚಾಚಿಗೂ ಹೇಳ್ರಿ. ಆಕಿಗೆ ಮುದ್ದಾಂ ಹೇಳ್ರಿ." ಚಾಚಿ ಪಕ್ಕದಲ್ಲೇ ನಿಂತಿದ್ದಳು. ಹೇಳುವ ಅಗತ್ಯ ಬೀಳಲಿಲ್ಲ.

ಹುಡುಗಿಯರು ವೆರಾಂಡದಲ್ಲಿ ಚೀಲ ಅವಚಿಕೊಂಡು ಗುಂಪಾಗಿ ನಿಂತಿದ್ದರು. ಕೆಳಗಿನ ರಸ್ತೆ ತುಂಬಿ ಹರಿಯುತ್ತಿತ್ತು, ಹಳ್ಳಿಯ ಬಸ್ಸುಗಳು ಬಂದಿರಲಿಲ್ಲ. ವೆರಾಂಡದ ಮೇಲೂ ಅದೇ ಸ್ಲ್ಯಾಬು.

"ನಾ ಏನ ಕೀಲಿ ಮುಟ್ಟಾಂವಲ್ಲಪಾ" ಎಂದರು ಮಾಸ್ತರ. "ಲಗ್ನದ ಹೊಲಿಗಿ ರಾಶಿ ಬಿದ್ದಾವು. ಅಂಗಡಿ ಬಿಟ್ಟು ಎಲ್ಲಿ ಹೋಗ್ಲಿ?" ನಾನು ಏನು ಹೇಳಿದೆನೋ ನೆನಪಿಲ್ಲ... ಅಂಥ ಮಾತುಗಳು ಮೊದಲು ಅಳಿಯುತ್ತವೆ.

ಆಗ ಕ್ಲಾಸಿನೊಳಗೆ ದೊಪ್ಪನೆ ಸದ್ದಾಯಿತು. ಹುಡುಗಿಯರು ಎದ್ದುಬಂದಿದ್ದ ಬೆಂಚಿನ ಮೇಲೆ ಗಿಲಾವಿನ ದೊಡ್ಡ ಚಪ್ಪಡಿ ಬಿದ್ದು ಪುಡಿಯಾಗಿತ್ತು. ಚಾಚಿ ಒಳಗೆ ಹೋಗಿ ಮಷೀನಿನ ಪಕ್ಕದ ಕಬ್ಬಿಣದ ಹಾರೆ ತಂದಳು.

"ಹುಡಿಗ್ಯಾರ, ಮೆಟ್ಟಲ ಇಳದ ಕೆಳಗ ನಿಂದರ್ರಿ. ತೊಯ್ದ್ರ ತೊಯೀರಿ."

"ಚಾಚಿ, ಅಂಗಡಿ ಹೋಗತೈತಿ ನೋಡ" ಎಂದರು ಮಾಸ್ತರ. ಈ ಸಲ ತಮಾಷೆಯ ದನಿ ಇರಲಿಲ್ಲ.

"ಮ್ಯಾಲಿಂದ ಮಾಳಗಿ ಬಿದ್ರೂ ಹೋಗತೈತಿ, ಸಾವಕಾರ್ರು ಹೊರಗ ಹಾಕಿದ್ರೂ ಹೋಗತೈತಿ. ನೀವು ಛತ್ರಿ ಗಟ್ಟಿ ಹಿಡೀರಿ ಮಾಸ್ತರ."

ಬೀಗ ಒಂದೇ ಏಟಿಗೆ ಮುರಿಯಿತೆಂದು ಊರಲ್ಲಿ ಹೇಳುತ್ತಾರೆ. ಸುಳ್ಳು. ಅವಳು ಹೊಡೆದಳು, ಸುಸ್ತಾದಳು, ಮೆಟ್ಟಿಲ ಮೇಲೆ ಕೂತಳು, ನಾನು ಹೊಡೆಯಲು ಕೈ ಚಾಚಿದಾಗ ಹಾರೆ ಕೊಡಲಿಲ್ಲ. "ಬ್ಯಾಡ ಸರ್. ಒಬ್ಬರದ ಕೈ ಇರ್ಲಿ ಇದರಾಗ." ಎದ್ದು ಮತ್ತೆ ಹೊಡೆದಳು. ಬೀಗ ಹಾಗೇ ಉಳಿಯಿತು, ಕೊಂಡಿ ಕಿತ್ತು ಬಂತು.

ಬಾಗಿಲು ತೆರೆದಾಗ ಕಂಡದ್ದು ಕೆರೆ. ಕೈಪಿಡಿ ಗೋಡೆಗಳ ನಡುವೆ ಡಾಂಬರು ಬಣ್ಣದ ನೀರು ತುಂಬಿ, ಮಳೆಯ ಏಟಿಗೆ ಕುದಿಯುತ್ತಿರುವಂತೆ ಕಾಣುತ್ತಿತ್ತು. ಮೊಣಕಾಲವರೆಗೆ ನೀರಿತ್ತು. ಇತ್ತೆಂದು ನನ್ನ ನೆನಪು. ಚಾಚಿ ಸೀರೆ ಮೇಲೆ ಕಟ್ಟಿ ಇಳಿದಳು. ಗೋಡೆ ಹಿಡಿದು ಮೂಲೆಯ ಕಡೆ ನಡೆದಳು. ಹಿಂದೆ ನಾನು, ನನ್ನ ಹಿಂದೆ ಮಾಸ್ತರ. ಒಂದೊಂದು ಹೆಜ್ಜೆಗೂ ಕಾಲ ಕೆಳಗಿನ ಸ್ಲ್ಯಾಬು ಈಗ ಬಿರಿಯುತ್ತದೆ, ಈಗ ಬಿರಿಯುತ್ತದೆ ಎನಿಸುತ್ತಿತ್ತು.

ಮೂಲೆಯಲ್ಲಿ ಅವಳು ಬಗ್ಗಿ ಹೆಗಲವರೆಗೆ ತೋಳು ಇಳಿಸಿದಳು. ಕೆನ್ನೆ ನೀರಿಗೆ ತಾಗಿತ್ತು. ನೀರಿನಡಿ ಹುಡುಕಿದಳು. ಕೆಸರು ಕೆದರಿ ಮೇಲೆ ಬಂತು. ಆಮೇಲೆ ಅವಳ ಮುಖ ಬದಲಾಯಿತು.

ಅವಳ ಬೆರಳಿಗೆ ಗುರುತು ಹತ್ತಿತ್ತು. ಜನ್ಮವಿಡೀ ಮುಟ್ಟಿದ ವಸ್ತು ಅದು, ನೀರಲ್ಲಿದ್ದರೇನು, ಕೆಸರಲ್ಲಿದ್ದರೇನು. ಬೇಸಿಗೆಯ ಆ ಹಿಡಿ ನನಗೂ ಆಗಲೇ ನೆನಪಾಯಿತು. ಅದು ಹೊರಬಂದರೆ ಸಾವಕಾರರು ವರ್ಷಗಟ್ಟಲೆ ಹೇಳುತ್ತ ಬಂದ ಮಾತಿಗೆ ಅವಳ ಕೈಯಿಂದಲೇ ಸಾಕ್ಷಿ ಸಿಕ್ಕಂತೆ. ಅವಳು ಎಷ್ಟು ಹೊತ್ತು ಹಾಗೆ ಇದ್ದಳು? ನನ್ನ ನೆನಪಿನಲ್ಲಿ ಬಹಳ ಹೊತ್ತು. ನಿಜದಲ್ಲಿ ಒಂದು ಉಸಿರಿನಷ್ಟಿರಬಹುದು. ನನ್ನ ಕಡೆ ನೋಡಿದಳು ಎಂದೂ ನೆನಪಿದೆ, ಆದರೆ ಆ ಮಳೆಯಲ್ಲಿ ಯಾರ ಕಣ್ಣು ಯಾರಿಗೆ ಕಂಡೀತು...

"ಏನಾತ ಚಾಚಿ?" ಎಂದು ಮಾಸ್ತರ ಕೂಗಿದರು.

"ನಂದ ಐತಿ" ಎಂದಳು. ಎಳೆದಳು.

ಪೈಪು ಗುಟುಕರಿಸಿತು. ಆಮೇಲೆ ಹಿಂದಿನ ಗೋಡೆಯ ಗುಂಟ ಬೋರ್ಗರೆತ ಇಳಿಯಿತು. ಕೆಳಗೆ ಯಾರೋ ಬೈದರು, ಅವರ ಮೇಲೆ ಬಿದ್ದಿರಬೇಕು. ನೀರು ಮೂಲೆಯ ಕಡೆ ಸುಳಿ ತಿರುಗತೊಡಗಿತು. ಚಾಚಿಯ ಮುಷ್ಟಿಯಲ್ಲಿ ಕರಿಯ ಉಂಡೆ. ಅದನ್ನು ಮಳೆಗೆ ಹಿಡಿದು ಹಿಂಡಿದಳು. ಒಳಗೆ ಇನ್ನೂ ಬೆಳ್ಳಗಿತ್ತು.

"ಓಣ್ಯಾಗ ಒಗದ ಬಿಡ ಚಾಚಿ" ಮಾಸ್ತರ ದನಿ ತಗ್ಗಿಸಿದರು. "ಯಾರ ನೋಡ್ಯಾರ?"

"ನಾ ನೋಡೇನಲ್ಲ" ಎಂದು ಅವಳು ಅದನ್ನು ತಂದು ಅಂಗಡಿಯ ಹೊಸ್ತಿಲ ಮೇಲಿಟ್ಟಳು.

ಸಾವಕಾರರು ಬಂದಾಗ ಮಳೆ ತೆಳುವಾಗಿತ್ತು, ಮಾಳಿಗೆ ಖಾಲಿಯಾಗಿತ್ತು. ಅವರು ಮೊದಲು ನೋಡಿದ್ದು ಕೊಂಡಿಯನ್ನು, ಆಮೇಲೆ ಹೊಸ್ತಿಲನ್ನು.

"ಕಂಡ್ರಿಲ್ಲೋ? ನಾ ಹೇಳಿದ್ನೋ ಇಲ್ಲೋ? ಅರಳಿನ ನನ್ನ ಮಾಳಗಿ ಹಾಳ ಮಾಡಾಕತ್ತೇತಿ ಅಂತ?"

"ಸಾವಕಾರ್ರ, ನಿಮ್ಮ ಗೌಂಡೀನ ಕೇಳಿ ಇಸಗೊಂಡಾನ್ರಿ, ನೀರ ನಿಲ್ಲಸಾಕ. ನಾ ಇಲ್ಲೇ ಇದ್ನಿ" ಎಂದೆ.

ಅವರು ಅಲ್ಲೇ ಗೌಂಡಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದರು. ಆ ಕಡೆ ಎಲ್ಲೋ ಸಿಮೆಂಟು ಕಲಸುವ ಮಷೀನಿನ ಸದ್ದು. "ಅರಳಿ? ಎಲ್ಲಿ ಅರಳಿ ಸಾವಕಾರ್ರ? ನನಗ ನೆನಪಿಲ್ರಿ. ಅರಬಿ ಹಾಕಿರ್ತೇನಿ. ತಗದೂ ಇರ್ತೇನಿ."

ಅವನು ಸುಳ್ಳು ಹೇಳಿದ ಎಂದು ಆಗ ನನಗೆ ಮೈಯೆಲ್ಲ ಉರಿಯಿತು. ಈಗ ಅಷ್ಟು ಖಾತ್ರಿಯಿಲ್ಲ. ಊರೂರಿನ ಮಾಳಿಗೆಗಳಿಗೆ ಬಿರಡೆ ಇಟ್ಟವನಿಗೆ ಒಂದು ಹಿಡಿ ಅರಳೆ ನೆನಪಿರಬೇಕೆಂದು ಏನಿದೆ?

"ನಾನ ಕಣ್ಣಿಂದ ನೋಡೇನ್ರಿ" ಎಂದೆ ಮತ್ತೆ.

"ಸರ್, ನೀವು ನಿಮ್ಮ ಕ್ಲಾಸ್ ನೋಡ್ಕೋರಿ."

ಚಾಚಿ ಒದ್ದೆ ಸೆರಗನ್ನು ಹಿಂಡಿ ಹೆಗಲಿಗೆ ಹಾಕಿಕೊಂಡಳು. "ಸಾವಕಾರ್ರ, ನಾ ಹೋಗ್ತೇನಿ. ಖರೆ, ಯಾತಕ್ಕ ಹೋಗ್ತೇನಿ ಅನ್ನೂದ ನೀವು ಇವರ ಮುಂದ ಹೇಳಬೇಕು. ಕೀಲಿ ಮುರದಾಕಿ ನಾನ. ಅದಕ್ಕ ಅಂದ್ರ ನಾಳೀನ ಗಂಟ ಕಟ್ತೇನಿ. ಅರಳಿ ಮಾಳಗಿ ಹಾಳ ಮಾಡ್ತು ಅಂದ್ರ ಹೋಗಂಗಿಲ್ಲ, ಏನ ಮಾಡ್ಕೋತೀರಿ ಮಾಡ್ಕೋರಿ."

"ಎರಡೂ ಒಂದ ಅಲ್ಲೇನ?"

"ನಿಮಗ ಒಂದ. ಅರಳಿ ಹೆಸರ ಕೆಟ್ರ ನಾ ಮತ್ತ ಯಾವ ಊರಿಗೆ ಹೋದ್ರೂ ನನಗ ಮಾಳಗಿ ಯಾರ ಕೊಡ್ತಾರ?"

ಸಾವಕಾರರು ಮಾಸ್ತರ ಕಡೆ ನೋಡಿದರು, ನನ್ನ ಕಡೆ ನೋಡಿದರು. ಮೆಟ್ಟಿಲ ಮೇಲೆ ಒದ್ದೆಯಾಗಿ ನಿಂತಿದ್ದ ಹುಡುಗಿಯರ ಕಡೆ ನೋಡಿದರು. ಒಳಗೆ ಬೆಂಚಿನ ಮೇಲೆ ಗಿಲಾವಿನ ಪುಡಿ ಹಾಗೇ ಬಿದ್ದಿತ್ತು.

"ಆತು ಮಾರಾಯ್ತಿ, ಕೀಲಿಗೆ. ಕೀಲಿ ಮುರದದ್ದಕ್ಕ."

"ಎಲ್ಲಾರೂ ಕೇಳಿದ್ರಿಲ್ಲ?" ಎಂದಳು ಚಾಚಿ. ಹೊಸ್ತಿಲ ಮೇಲಿನ ಉಂಡೆಯನ್ನು ಎತ್ತಿ ಸಾವಕಾರರ ಅಂಗೈಯಲ್ಲಿಟ್ಟಳು. "ಒಣಗಿಸಿ ಇಟ್ಕೋರಿ. ಮುಂದಿನ ಸಲ ಬೇಕಾಗತೈತಿ."

ಖಾಲಿ ಮಾಡುವ ಮುಂಚೆ ಅವಳು ಆ ದಿನ ತೊಯ್ದ ಅರಳೆಯನ್ನೆಲ್ಲ ಬೇರೆ ತೆಗೆದಳು. ಒಮ್ಮೆ ಸೋರಿದ ನೀರು ಕುಡಿದ ಅರಳೆಯನ್ನು ಲಗ್ನದ ಗಾದಿಗೆ ತುಂಬುವುದಿಲ್ಲ, ಅದು ಅವಳ ಪದ್ಧತಿ. ಒಣಗಿಸಿ, ಹಿಂಜಿ, ಅದರಿಂದ ನನಗೊಂದು ಗಾದಿ ಮಾಡಿಕೊಟ್ಟಳು. "ನಿಮಗ ನಡೀತೈತಿ ಸರ್. ನಿಮ್ಮ ಲಗ್ನ ಹೆಂಗೂ ಆಗೂ ಹಂಗ ಕಾಣೂದಿಲ್ಲ."

ಅವಳಿಗೆ ಹುಕ್ಕೇರಿಯಲ್ಲಿ ಅಂಗಡಿ ಸಿಕ್ಕಿತು, ಮಾಳಿಗೆ ಸಮೇತ. ಕೆಲವು ವರ್ಷಗಳ ನಂತರ ಅಲ್ಲಿಗೆ ಹೋದಾಗ ಅವಳು ಮೇಲೆ ಬಿಸಿಲಲ್ಲಿ ಅರಳೆ ಬಡಿಯುತ್ತಿದ್ದಳು. ಆ ದಿನದ ಮಾತು ತೆಗೆದೆ. ಮೊಣಕಾಲುದ್ದ ನೀರು ಎಂದೆ.

"ಅಷ್ಟ ನೀರ ಎಲ್ಲಿತ್ರಿ ಸರ್? ಪಾದ ತೊಯ್ಯುವಷ್ಟ ಇತ್ತ."

"ನೀವು 'ನಂದ ಐತಿ' ಅಂದ್ರಿ."

"ನಾ ಹಂಗ ಯಾಕ ಅನ್ಲಿ? 'ಅಯ್ಯ' ಅಂದಿರಬೇಕು. ಥಂಡಿ ಇತ್ತಲ್ಲ." ನಕ್ಕಳು. ಆ ನಗು ಮಾತ್ರ ನನಗೆ ಖಾತ್ರಿಯಿದೆ, ಏಕೆಂದರೆ ಅಪರೂಪ.

ಅವಳು ತೀರಿಕೊಂಡ ಸುದ್ದಿ ನನಗೆ ತಡವಾಗಿ ಬಂತು, ಮಾಸ್ತರರ ಫೋನಿನಲ್ಲಿ, ಬೇರೆ ಯಾವುದೋ ಮಾತಿನ ನಡುವೆ. ಘೋಡಗೇರಿಗೆ ಒಯ್ದು ಮಣ್ಣು ಕೊಟ್ಟಿದ್ದರು. ಗೋಕಾಕದ ಆ ಮಾಳಿಗೆಯ ಮೇಲೆ ಈಗ ತಗಡು ಹೊದಿಸಿದ್ದಾರಂತೆ. ಅವಳ ಅಂಗಡಿಯಲ್ಲಿ ಫೋಮಿನ ಗಾದಿ ಮಾರುತ್ತಾರಂತೆ. ನಾನು ಹೋಗಿ ನೋಡಿಲ್ಲ.

ಮೂಡಲಗಿಯ ಈ ಗೌಂಡಿಗೆ ಅಂದು ಒಂದು ಹಿಡಿ ಕೊಟ್ಟೆ. ಅವನು ಒತ್ತಿ, ಕೆಸರು ಮೆತ್ತಿ, ನೀರು ಬಿಟ್ಟು, ಮೆಟ್ಟಿಲಿಳಿಯುತ್ತ "ನಾ ಬಂದ ತಗೀತೇನಿ ಬಿಡ್ರಿ ಸರ್" ಎಂದ. ತಲೆಯಾಡಿಸಿದೆ. ಅಂದಿನಿಂದ ದಿನಾ ಮುಂಜಾನೆ ಮೇಲೆ ಹೋಗಿ ನಿಂತ ನೀರನ್ನು ನೋಡುತ್ತಿದ್ದೆ. ಗೌಂಡಿ ಬರುವ ದಿನದವರೆಗೂ ಕಾಯಲಿಲ್ಲ. ನಾನೇ ಬಗ್ಗಿ ತೋಳು ಇಳಿಸಿದೆ. ಬೆರಳಿಗೆ ತಾಗಿದ್ದು ಏನೋ ಮೆತ್ತನೆಯ ವಸ್ತು. ಅರಳೆಯೋ, ಅರಬಿಯೋ, ಕೆಸರೋ ನನ್ನ ಬೆರಳಿಗೆ ಗುರುತು ಹತ್ತಲಿಲ್ಲ. ಎಳೆದೆ.

ಅದನ್ನು ತೊಳೆದು, ಹಿಂಡಿ, ಕೈಪಿಡಿ ಗೋಡೆಯ ಮೇಲೆ ಒಣಗಿಸಿ, ಗಾದಿಯೊಳಗೆ ಮರಳಿ ತುರುಕಿ, ಬಾಯಿ ಹೊಲಿದೆ. ನೀರು ಕುಡಿದು ಒಣಗಿದ ಅರಳೆ ಗಂಟಾಗುತ್ತದೆ, ಮತ್ತೆ ಹಿಂಜಬೇಕು. ಮೂಡಲಗಿಯಲ್ಲಿ ಹಿಂಜುವವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದೆ. ಹಿಂದೆ ಇದ್ದರಂತೆ.

ಈಗ ಮಧ್ಯಾಹ್ನ ಅಡ್ಡಾದರೆ ಎಡ ಪಕ್ಕೆಗೆ ಆ ಗಂಟು ಒತ್ತುತ್ತದೆ. ಮಗ್ಗಲು ಬದಲಿಸಬಹುದು. ಬದಲಿಸುವುದಿಲ್ಲ.